ಅಪ್‌ಡೇಟ್: ಮುದ್ದೆ, ಅನ್ನ ಕಡಿಮೆ ಮಾಡೋದು ಹೇಗೆ ಅಂತ ಕೇಳಿದ್ದೆ

ಶುಗರ್ ಇದೆ, ಲೋ ಕಾರ್ಬ್ ಊಟ (ಪಿಷ್ಟ, ಸಕ್ಕರೆ ಅಂಶ ಕಮ್ಮಿ ಇರೋ ಊಟ) ಮಾಡ್ಬೇಕು, ಮನೇಲಿ ದಿನಾ ಮುದ್ದೆ, ಒಬ್ಬಳೇ ಹೇಗೆ ನಿಭಾಯಿಸಲಿ ಅಂತ ಕೇಳಿದ್ದೆ. ಜೊತೆಗೆ ಯಾರನ್ನಾದರೂ ಸೇರಿಸಿಕೊಳ್ಳಿ ಅಂತ ನೀವೆಲ್ಲ ಹೇಳಿದಿರಿ. ತುಂಬಾ ಉಪಕಾರ ಆಯ್ತು.

ನಮ್ಮ ಬೀದಿಯ ಹೆಂಗಸರು ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡೆವು. ಮಧ್ಯಾಹ್ನ ತಟ್ಟೆಯ ಫೋಟೋ ಹಾಕಬೇಕು, ಅಷ್ಟೇ ನಿಯಮ. ಬಸ್ಸಾರು ಮಾಡಿದ ದಿನ ನನ್ನ ತಟ್ಟೆ ತುಂಬಾ ಸೊಪ್ಪಿನ ಪಲ್ಯ, ಮೇಲೆ ಕಾಯಿತುರಿ, ಪಕ್ಕದಲ್ಲಿ ಎರಡು ಬೇಯಿಸಿದ ಮೊಟ್ಟೆ. ಮುದ್ದೆ ನಿಂಬೆಹಣ್ಣಿನಷ್ಟು ಮಾತ್ರ. ರಾಗಿ ಆದ್ರೆ ಎಷ್ಟು ತಿಂದರೂ ಪರವಾಗಿಲ್ಲ ಅಂತಾರಲ್ವಾ? ರಾಗಿ ಹಿಟ್ಟಿನಲ್ಲೂ ಮೂರರಲ್ಲಿ ಎರಡು ಪಾಲು ಕಾರ್ಬೇ.

ಒಂದು ಮಾತು ಮುಖ್ಯ. ನಾನು ಗ್ಲಿಮೆಪಿರೈಡ್ ಅನ್ನೋ ಶುಗರ್ ಇಳಿಸೋ ಮಾತ್ರೆ ತಗೋತಿದ್ದೆ. ಅನ್ನ ಕಮ್ಮಿ ಮಾಡಿ ಮಾತ್ರೆ ಹಾಗೇ ನುಂಗಿದರೆ ಶುಗರ್ ತೀರಾ ಇಳಿದುಬಿಡಬಹುದು. ಡಾಕ್ಟರು ಮೊದಲೇ ಡೋಸ್ ಇಳಿಸಿದರು.

ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಸುಮಾರು 3 ತಿಂಗಳ ಶುಗರ್ ಸರಾಸರಿ ತೋರಿಸುತ್ತೆ. ನಂದು ಇಳಿದಿದೆ, ನಿಜಕ್ಕೂ ಖುಷಿಯಾಗಿದೆ. ಈಗ ಪಕ್ಕದ ಮನೆ ಅಕ್ಕನೂ ಸೇರ್ತೀನಿ ಅಂತಿದ್ದಾರೆ. ಅವರು ಇನ್ಸುಲಿನ್ ತಗೋತಾರೆ, ಅದಕ್ಕೆ ಮೊದಲು ಅವರನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಿದ್ದೀನಿ.