ಅಪ್‌ಡೇಟ್: ಹಳೇ ಬೈಕ್‌ನ ಚಾರ್ಜಿಂಗ್ ಸರಿಹೋಯಿತು

ರೇಸ್ ಮಾಡಿದರೂ ಬ್ಯಾಟರಿಯಲ್ಲಿ 12.4 ವೋಲ್ಟ್ ದಾಟುತ್ತಿಲ್ಲ, ಸ್ಟೇಟರ್ (ಎಂಜಿನ್ ಒಳಗೆ ಕರೆಂಟ್ ಹುಟ್ಟಿಸುವ ಕಾಯಿಲ್) ಸುಟ್ಟಿರಬಹುದಾ ಅಂತ ಹಿಂದೆ ಕೇಳಿದ್ದೆ. ಸ್ಟೇಟರ್ ಚೆನ್ನಾಗಿದೆ! ಕನೆಕ್ಟರ್ ಬಿಚ್ಚಿ ಅದರ ಮೂರು ಹಳದಿ ವೈರ್‌ಗಳನ್ನು ಎರಡೆರಡಾಗಿ ಮೀಟರಿನ ಎಸಿ ವೋಲ್ಟ್ ಸೆಟ್ಟಿಂಗ್‌ನಲ್ಲಿ ಅಳೆದೆ. ಮೂರೂ ಜೋಡಿಯಲ್ಲಿ ಒಂದೇ ರೀಡಿಂಗ್. ಆ ವೈರ್‌ಗಳು ಎಂಜಿನ್ ಬಾಡಿ ಜೊತೆ ಶಾರ್ಟ್ ಕೂಡ ಆಗಿಲ್ಲ.

ತೊಂದರೆ ಇದ್ದದ್ದು ಅರ್ತಿಂಗ್‌ನಲ್ಲಿ, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ಸೇರುವ ದಾರಿಯಲ್ಲಿ. ಎಂಜಿನ್ ಓಡುವಾಗ ಮೀಟರಿನ ಒಂದು ಕಡ್ಡಿಯನ್ನು ರೆಗ್ಯುಲೇಟರ್‌ನ (ಸ್ಟೇಟರ್‌ನ ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ಡಬ್ಬಿ) ಬಾಡಿ ಮೇಲೆ, ಇನ್ನೊಂದನ್ನು ಬ್ಯಾಟರಿ ನೆಗೆಟಿವ್‌ಗೆ ಇಟ್ಟೆ. 1.8 ವೋಲ್ಟ್ ಡ್ರಾಪ್! ಅಲ್ಲಿ ಸೊನ್ನೆ ಹತ್ತಿರ ಇರಬೇಕಲ್ವಾ? ಫ್ರೇಮ್‌ಗೆ ಹೊಸ ಪೇಂಟ್ ಹೊಡೆಸಿದ್ದೆ, ರೆಗ್ಯುಲೇಟರ್ ಬೋಲ್ಟ್ ಅದರ ಮೇಲೇ ಕೂತಿತ್ತು, ಹಾಗಾಗಿ ಲೋಹಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಪೇಂಟ್ ಉಜ್ಜಿ ಲೋಹ ಕಾಣುವಂತೆ ಮಾಡಿದೆ, ರೆಗ್ಯುಲೇಟರ್ ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ ನೇರವಾಗಿ ಒಂದು ದಪ್ಪ ವೈರ್ ಎಳೆದೆ.

ಈಗ ಬ್ಯಾಟರಿಯಲ್ಲಿ 14.2 ವೋಲ್ಟ್ ಬರುತ್ತಿದೆ, ಹೆಡ್‌ಲೈಟ್ ಹಾಕಿದರೂ 13.9. ಸುಮ್ನೆ ಸ್ಟೇಟರ್ ಬದಲಾಯಿಸಬೇಡ, ಮೊದಲು ಅರ್ತ್ ನೋಡು ಅಂದವರಿಗೆ ತುಂಬಾ ಥ್ಯಾಂಕ್ಸ್.