ಕಾಫಿ ಕುಯ್ಲಿನ ಹೊತ್ತಿಗೆ ಕಾಲೇಜು ಬಿಡುವ ಮಕ್ಕಳು: ನಿಮ್ಮಲ್ಲಿ ಏನು ಮಾಡುತ್ತೀರಿ?

ಅರ್ಥಶಾಸ್ತ್ರ ಉಪನ್ಯಾಸಕಿ, ಚಿಕ್ಕಮಗಳೂರು ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪದವಿ ಕಾಲೇಜೊಂದರಲ್ಲಿ 9 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನವೆಂಬರ್ ಬಂತೆಂದರೆ ನನಗೆ ಸಂಕಟ ಶುರು. ಅರೇಬಿಕಾ ಕಾಫಿ ಹಣ್ಣಾಗುತ್ತದೆ, ಲೈನ್ ಮನೆಗಳಿಂದ (ತೋಟದ ಕಾರ್ಮಿಕರ ಸಾಲು ಮನೆಗಳು) ಬರುವ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಆಮೇಲೆ ಹಣ್ಣಾಗುವ ರೋಬಸ್ಟಾ ಕಾಫಿಯ ಕುಯ್ಲನ್ನೂ ಮುಗಿಸಿ ಬರುವ ಹೊತ್ತಿಗೆ ಶೇ. 75 ಹಾಜರಾತಿ ಎಲ್ಲಿಂದ ಬರಬೇಕು? ಆಮೇಲೆ ಬರುವುದೇ ಇಲ್ಲ.

ಕಳೆದ ವರ್ಷ ಆಲ್ದೂರು ಕಡೆಯ ಒಬ್ಬ ಹುಡುಗಿ ಇದ್ದಳು. ಮೊದಲ ಕಿರುಪರೀಕ್ಷೆಯಲ್ಲಿ ಕ್ಲಾಸಿಗೇ ಎರಡನೆಯವಳು. ಡಿಸೆಂಬರ್‌ನಲ್ಲಿ ಬರಲಿಲ್ಲ, ಫೋನ್ ಸ್ವಿಚ್ ಆಫ್. ಜನವರಿಯಲ್ಲಿ ನಾನೇ ತೋಟಕ್ಕೆ ಹೋದೆ. ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕುಯ್ಯುತ್ತಿದ್ದಳು. "ಕೆ.ಜಿ. ಲೆಕ್ಕ ಮೇಡಂ, ಅಪ್ಪ ತಗೊಂಡ ಮುಂಗಡ ತೀರಬೇಕು" ಅಂದಳು. ಅವರಮ್ಮ ಕಾಫಿ ಕೊಟ್ಟು, "ಕಾಲೇಜಿಂದ ಯಾರೂ ಕೇಳಲೇ ಇಲ್ಲವಲ್ಲ, ಇವಳು ಬೇಡವೇನೋ ಅಂದ್ಕೊಂಡ್ವಿ" ಅಂದರು. ಆರು ವಾರ ನಾನು ರಿಜಿಸ್ಟರ್‌ನಲ್ಲಿ ಆಬ್ಸೆಂಟ್ ಹಾಕುತ್ತಾ ಕೂತಿದ್ದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಇನ್ನೊಂದು ಸಂಗತಿ. ಫಲಿತಾಂಶ ಅಂದರೆ ಪರೀಕ್ಷೆಗೆ ಕೂತವರಲ್ಲಿ ಎಷ್ಟು ಜನ ಪಾಸು ಎನ್ನುವ ಲೆಕ್ಕ. ಕೂರದೇ ಹೋದವರು ಅದರಲ್ಲಿ ಇಲ್ಲವೇ ಇಲ್ಲ. ತೋಟದ ಮಕ್ಕಳು, ಹಸಲರು, ಮಲೆಕುಡಿಯರಂಥ ಬುಡಕಟ್ಟುಗಳ ಮಕ್ಕಳು ಎಷ್ಟು ಜನ ಸೇರಿದರು, ಎಷ್ಟು ಜನ ಕೊನೆಯ ಸೆಮಿಸ್ಟರ್ ಮುಟ್ಟಿದರು ಎಂದು ನಮ್ಮಲ್ಲಿ ಬೇರೆ ತೆಗೆದು ನೋಡಿದವರಿಲ್ಲ. ಇವರನ್ನು ಉಳಿಸಿಕೊಳ್ಳಲು ನಿಮ್ಮಲ್ಲಿ ನಿಜವಾಗಿ ಫಲ ಕೊಟ್ಟದ್ದು ಏನು?

ಸ್ಕಾಲರ್‌ಶಿಪ್ ನೋಡುವ ಗುಮಾಸ್ತ, ಹಾಸನ:

ಮೇಡಂ, ನನ್ನ ಟೇಬಲ್ ಮೇಲೆ ಕಾಣುವುದನ್ನು ಹೇಳುತ್ತೇನೆ. ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಿರುತ್ತಾರೆ, ಮಂಜೂರೂ ಆಗಿರುತ್ತದೆ, ದುಡ್ಡು ಬಂದಿರುವುದಿಲ್ಲ. ನೋಡಿದರೆ ಖಾತೆಗೆ ಆಧಾರ್ ಜೋಡಣೆಯೇ ಆಗಿಲ್ಲ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಮೂಲಕ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಎನ್ನುವ ದಾಖಲೆ, ಇಲ್ಲ. ಇಲ್ಲವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಜಾತಿ, ಆದಾಯ ಪತ್ರಕ್ಕೆ ಅಪ್ಪ ನಾಡಕಚೇರಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಎರಡು ಸಲ ಅಲೆದವರು ಮೂರನೇ ಸಲ ಹೋಗುವುದಿಲ್ಲ.

ನಾವು ಈಗ ಅಡ್ಮಿಶನ್ ದಿನವೇ ಪಾಸ್‌ಬುಕ್, ಆಧಾರ್, ಅಂಕಪಟ್ಟಿ ಮೂರನ್ನೂ ಒಟ್ಟಿಗೆ ಇಟ್ಟು ನೋಡುತ್ತೇವೆ. ತಪ್ಪು ಅವತ್ತೇ ಸಿಕ್ಕರೆ ತಿದ್ದಿಸಲು ಸಮಯ ಇರುತ್ತದೆ. ಡಿಸೆಂಬರ್‌ನಲ್ಲಿ ಸಿಕ್ಕರೆ ಆ ಹುಡುಗ ಅಷ್ಟರಲ್ಲಿ ತೋಟದಲ್ಲಿರುತ್ತಾನೆ.

ಹಳೆ ವಿದ್ಯಾರ್ಥಿನಿ, ಮೂಡಿಗೆರೆ ಕಡೆ:

ಮೇಡಂ, ನಾನೂ ಲೈನ್ ಮನೆಯವಳೇ. ಬಿ.ಕಾಂ. ಮುಗಿಸಿ ಈಗ ಒಂದು ಸೊಸೈಟಿಯಲ್ಲಿ ಲೆಕ್ಕ ಬರೀತೀನಿ. ಹಾಸ್ಟೆಲ್ ಸೀಟು ಸಿಗಲಿಲ್ಲ, ಹಾಸ್ಟೆಲ್ ಸಿಗದವರಿಗೆ ಸರ್ಕಾರ ಕೊಡೋ ಊಟ-ವಸತಿ ನೆರವು ವಿದ್ಯಾಸಿರಿ ಸಿಕ್ಕಿತು. ತಿಂಗಳಿಗೆ 1500 ರೂಪಾಯಿ ಲೆಕ್ಕದಲ್ಲಿ 10 ತಿಂಗಳದ್ದು. ಆದರೆ ಬಂದದ್ದು ವರ್ಷದ ಕೊನೆಗೆ. ಬಾಡಿಗೆಯನ್ನು ತಿಂಗಳು ತಿಂಗಳೂ ಕೊಡಬೇಕಲ್ಲ! ಅಮ್ಮ ಸಂಘದಲ್ಲಿ ಸಾಲ ಎತ್ತಿದರು.

ಬಸ್ಸಿನದ್ದೂ ಹೇಳಬೇಕು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದಾಗ ತಂಗಿಗೆ ಅನುಕೂಲವಾಯ್ತು ಅಂತ ಖುಷಿಪಟ್ಟೆ. ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮೂರಿಗೆ ಬರೋದು ಖಾಸಗಿ ಬಸ್ಸು, ಬೆಳಿಗ್ಗೆ ಒಂದು, ಸಂಜೆ ಒಂದು. ಸಂಜೆಯದ್ದು ತಪ್ಪುತ್ತೆ ಅಂತ ಅವಳು ದಿನಾ ಕೊನೇ ಪೀರಿಯಡ್ ಬಿಟ್ಟು ಓಡ್ತಾಳೆ. ಹಾಜರಾತಿ ಅಲ್ಲೇ ಹೋಗುತ್ತೆ.

ನನ್ನನ್ನು ಉಳಿಸಿದ್ದು ಒಬ್ಬ ಸಾರ್. ಕನ್ನಡ ಮಾಧ್ಯಮದಿಂದ ಬಂದವಳು, ಲೆಕ್ಕ ಬರ್ತಿತ್ತು, ಪ್ರಶ್ನೆ ಓದೋಕೆ ಬರ್ತಿರಲಿಲ್ಲ. ಹಿಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂರ್ತಿದ್ದೆ. ಅವರು ಮಧ್ಯಾಹ್ನ ಊಟದ ಹೊತ್ತಲ್ಲಿ ನಮ್ಮ ಐದಾರು ಜನರನ್ನ ಕೂರಿಸಿಕೊಂಡು ಇಂಗ್ಲಿಷ್ ಪ್ರಶ್ನೆಯನ್ನ ಕನ್ನಡದಲ್ಲಿ ಬಿಡಿಸಿ ಹೇಳ್ತಿದ್ರು. ಒಂದು ದಿನ ನಾನು ಬರದಿದ್ದರೆ ಮಾರನೇ ದಿನ "ಯಾಕಮ್ಮ ಬರಲಿಲ್ಲ?" ಅಂತ ಕೇಳೋರು. ಕುಯ್ಲಿನಲ್ಲಿ ನಾನೂ ಭಾನುವಾರ ಹೋಗ್ತಿದ್ದೆ, ಸೋಮವಾರ ಕಾಲೇಜಿಗೆ ಬರ್ತಿದ್ದೆ. ಅವರು ಕೇಳ್ತಾರಲ್ಲ ಅನ್ನೋದು ಒಂದೇ ಕಾರಣ.

ಉಪನ್ಯಾಸಕಿ (ಪ್ರಶ್ನೆ ಕೇಳಿದವರು):

ಕೊನೆ ಪೀರಿಯಡ್ ವಿಷಯ ನನಗೆ ಹೊಳೆದೇ ಇರಲಿಲ್ಲಮ್ಮ. ನನ್ನ ಕ್ಲಾಸೂ ಕೊನೆಯದೇ. ಬೆಳಗಿನ ಪೀರಿಯಡ್‌ಗೆ ಬದಲಿಸಿಕೊಡಿ ಎಂದು ನಾಳೆಯೇ ಕೇಳುತ್ತೇನೆ. ಇನ್ನು ಮುಂದೆ ಮೂರು ದಿನ ಬಾರದವರ ಮನೆಗೆ ಫೋನ್, ಮನೆಯವರು ಸಿಗದಿದ್ದರೆ ತೋಟದ ಲೆಕ್ಕ ನೋಡುವ ರೈಟರ್‌ಗೆ. ನಂಬರ್ ಅಡ್ಮಿಶನ್‌ನಲ್ಲೇ ಬರೆಸಿಕೊಳ್ಳುತ್ತೇನೆ.

ಭಾನುವಾರ ಆಲ್ದೂರಿಗೆ ಮತ್ತೆ ಹೋಗುತ್ತಿದ್ದೇನೆ. ಪಾಸ್‌ಬುಕ್, ಆಧಾರ್, ಅಂಕಪಟ್ಟಿ ತೆಗೆದಿಡು ಎಂದು ಹುಡುಗಿಗೆ ಹೇಳಿ ಕಳಿಸಿದ್ದೇನೆ.