ತರಗತಿಯ ಗೋಡೆಯ ಮೇಲಿನ ದಶಾಜ್ಞೆ ಮತ್ತು ನಮ್ಮ ಮಕ್ಕಳು

ಟೆಕ್ಸಸ್‌ಗೆ ಬಂದು ನೆಲೆಸುವ ಯೋಚನೆಯಲ್ಲಿರುವ ಸಹೋದರಿಯೊಬ್ಬರು, ಇಲ್ಲಿನ ಸರಕಾರಿ ಶಾಲೆಗಳಲ್ಲಿ ಬೈಬಲ್ಲಿನ ದಶಾಜ್ಞೆಗಳನ್ನು ತೂಗುಹಾಕಬೇಕೆಂಬ ಕಾನೂನು ನಿಜವೇ ಎಂದು ನಮ್ಮ ಕನ್ನಡಿಗರ ಗುಂಪಿನಲ್ಲಿ ಕೇಳಿದ್ದರು. ಬಂದ ಉತ್ತರಗಳಲ್ಲಿ ಹೆಚ್ಚಿನವು ‘ನಾವೂ ಕಾನ್ವೆಂಟಿನಲ್ಲಿ ಓದಿದವರೇ, ನಮಗೇನಾಯಿತು?’ ಎಂಬ ಧಾಟಿಯಲ್ಲಿವೆ. ಆ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ.

ಕಾನೂನು ನಿಜ. 2025ರಲ್ಲಿ ಶಾಸನಸಭೆ ಅಂಗೀಕರಿಸಿದ ಸೆನೆಟ್ ಬಿಲ್ 10ರ ಪ್ರಕಾರ ಪ್ರತಿ ತರಗತಿಯಲ್ಲೂ ಕನಿಷ್ಠ 16 ಅಂಗುಲ ಅಗಲ, 20 ಅಂಗುಲ ಎತ್ತರದ ಫಲಕವಿರಬೇಕು. ಕೋಣೆಯ ಯಾವ ಮೂಲೆಯಲ್ಲಿ ಕುಳಿತರೂ ಅಕ್ಷರಗಳು ಓದಲು ಬರುವಂತಿರಬೇಕು. ಯಾರಾದರೂ ಅಂಥ ಫಲಕವನ್ನು ದಾನವಾಗಿ ಕೊಟ್ಟರೆ ಶಾಲೆ ಸ್ವೀಕರಿಸಲೇಬೇಕು. ಫಲಕದಲ್ಲಿ ಯಾವ ವಾಕ್ಯಗಳಿರಬೇಕೆಂಬುದನ್ನೂ ಶಾಸಕರೇ ಗೊತ್ತುಮಾಡಿದ್ದಾರೆ. ನನ್ನ ಹೊರತು ನಿನಗೆ ಬೇರೆ ದೇವರುಗಳಿರಬಾರದು, ವಿಗ್ರಹಗಳನ್ನು ಮಾಡಿಕೊಳ್ಳಬಾರದು ಎಂಬುದು ಅದರ ಆರಂಭ. ಕಾನೂನು ಜಾರಿಗೆ ಬಂದದ್ದು ಸೆಪ್ಟೆಂಬರ್ 1ರಂದು, ಆಗಸ್ಟ್ 27ರ ಗಣೇಶ ಚತುರ್ಥಿ ಕಳೆದು ವಾರವೂ ಆಗಿರಲಿಲ್ಲ. ತನ್ನ ಕೈಯಾರೆ ಮಣ್ಣಿನ ಗಣಪನನ್ನು ಮಾಡಿದ ಏಳು ವರ್ಷದ ಮಗು ಆ ಸಾಲನ್ನು ಓದಿದರೆ, ಮನೆಯಲ್ಲಿ ಅಪ್ಪ ಅಮ್ಮ ತಪ್ಪು ಮಾಡುತ್ತಿದ್ದಾರೆಯೇ ಎಂದು ಕೇಳದೆ ಇದ್ದೀತೇ?

ಈಗ ಕಾನ್ವೆಂಟಿನ ಮಾತು. ನಾನು ಓದಿದ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ತಮ್ಮ ಧರ್ಮಬೋಧೆಯ ಕ್ಯಾಟೆಕಿಸಂ ತರಗತಿಗೆ ಎದ್ದುಹೋದಾಗ ಉಳಿದ ನಾವು ಮಾರಲ್ ಸೈನ್ಸ್ ಪುಸ್ತಕ ತೆರೆಯುತ್ತಿದ್ದೆವು. ಅದು ಚರ್ಚಿನ ಆಡಳಿತದ ಶಾಲೆಯೆಂದು ತಿಳಿದೇ ನಮ್ಮ ತಂದೆ ಸಾಲಿನಲ್ಲಿ ನಿಂತು ಅರ್ಜಿ ತಂದಿದ್ದರು; ಬೇಡವೆಂದಿದ್ದರೆ ಬೇರೆ ಶಾಲೆಗಳಿದ್ದವು. ಇಲ್ಲಿಯ ಸರಕಾರಿ ಶಾಲೆಗೆ ನಾವು ಆಸ್ತಿ ತೆರಿಗೆಯ ಮೂಲಕ ಹಣ ಕೊಡುತ್ತೇವೆ, ಮಗು ಕಡ್ಡಾಯವಾಗಿ ಶಾಲೆಗೆ ಹೋಗಲೇಬೇಕು, ಗೋಡೆಯ ಮೇಲೆ ಮಾತನಾಡುತ್ತಿರುವುದು ಸರಕಾರ. ಪಾದ್ರಿಯೊಬ್ಬರು ತಮ್ಮ ಧರ್ಮವನ್ನು ಹೇಳಿಕೊಡುವುದಕ್ಕೂ ಶಾಸಕರು ಬಹುಸಂಖ್ಯಾತರ ದೇವರನ್ನು ಎಲ್ಲರ ಮಕ್ಕಳಿಗೂ ಗೊತ್ತುಮಾಡುವುದಕ್ಕೂ ಅಜಗಜಾಂತರವಿದೆ.

ಕೆಂಟಕಿ ರಾಜ್ಯದ ಇಂಥದೇ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ರದ್ದುಪಡಿಸಿತ್ತು. ಅಲ್ಲಿಯೂ ಫಲಕಗಳ ಖರ್ಚು ಖಾಸಗಿ ದಾನಿಗಳದೇ, ಅದರಿಂದ ವ್ಯತ್ಯಾಸವೇನೂ ಆಗದೆಂದು ನ್ಯಾಯಾಲಯ ಹೇಳಿತು. ಟೆಕ್ಸಸ್ ಕಾನೂನಿನ ವಿರುದ್ಧ ದಾವೆ ಹೂಡಿದ ಪೋಷಕರಲ್ಲಿ ಯೆಹೂದಿ, ಕ್ರೈಸ್ತ ಕುಟುಂಬಗಳ ಜೊತೆ ಹಿಂದೂ ಕುಟುಂಬವೂ ಇತ್ತು. 2025ರ ಆಗಸ್ಟ್‌ನಲ್ಲಿ ಸ್ಯಾನ್ ಆಂಟೋನಿಯೋದ ಫೆಡರಲ್ ನ್ಯಾಯಾಧೀಶ ಫ್ರೆಡ್ ಬೈರಿ ಕೆಲವು ಶಾಲಾ ಜಿಲ್ಲೆಗಳ (ಸರಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಗಳ) ಮಟ್ಟಿಗೆ ತಡೆ ನೀಡಿದರು, ರಾಜ್ಯ ಸರಕಾರ ಮೇಲ್ಮನವಿ ಹೋಯಿತು.

2007ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ ದೀಪಾವಳಿಯ ಮಹತ್ವವನ್ನು ಗುರುತಿಸಿ ನಿರ್ಣಯ ಮಾಡಿದಾಗ ಹಿಗ್ಗಿದವರು ನಾವೇ ಅಲ್ಲವೇ ಎಂದು ಹಿರಿಯ ಸದಸ್ಯರೊಬ್ಬರು ಚುಚ್ಚಿದ್ದಾರೆ. ಚುಚ್ಚಿದ್ದು ಸರಿಯೇ, ಅದೇ ವರ್ಷ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಹಾಗೂ ಕ್ರೈಸ್ತ ಧರ್ಮದ ಹಿರಿಮೆ ಸಾರುವ ನಿರ್ಣಯವೂ ಅಲ್ಲಿಯೇ ಅಂಗೀಕಾರವಾಯಿತು. ಆದರೂ ಹಬ್ಬಕ್ಕೆ ಶುಭ ಕೋರುವುದು ಒಂದು, ಮಗುವಿಗೆ ಆಜ್ಞೆ ಮಾಡುವುದು ಇನ್ನೊಂದು. ಅದಕ್ಕಿಂತ ಇರಿಸುಮುರಿಸಿನ ಪ್ರಶ್ನೆ ಬೇರೆಯಿದೆ. 2022ರಲ್ಲಿ ಗುಜರಾತ್ ಸರಕಾರ 6ರಿಂದ 12ನೆಯ ತರಗತಿಯವರೆಗೆ ಭಗವದ್ಗೀತೆಯ ಪಾಠವನ್ನು ಘೋಷಿಸಿದಾಗ, ಕರ್ನಾಟಕದಲ್ಲೂ ಆ ಮಾತು ಎದ್ದಾಗ, ನಮ್ಮ ಬಳಗದಲ್ಲಿ ಚಪ್ಪಾಳೆ ತಟ್ಟಿದವರು ಕಡಿಮೆಯಿರಲಿಲ್ಲ. ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಭಾರತದ ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಬಹುಸಂಖ್ಯಾತರಾಗಿದ್ದಾಗ ‘ಅದು ಸಂಸ್ಕೃತಿ’ ಎನ್ನುವುದು, ಅಲ್ಪಸಂಖ್ಯಾತರಾದೊಡನೆ ‘ಇದು ಹೇರಿಕೆ’ ಎನ್ನುವುದು ನಮ್ಮ ಮಕ್ಕಳಿಗೇ ಹಿಡಿಸದ ಇಬ್ಬಗೆ.

ಸಹೋದರಿಗೆ ನನ್ನ ಸಲಹೆ ಇಷ್ಟು: ಇದಕ್ಕಾಗಿ ಟೆಕ್ಸಸ್ ಬಿಡಬೇಕಾಗಿಲ್ಲ. ಇದು ಶಿಕ್ಷಕಿಯ ಮಾತಲ್ಲ, ರಾಜಧಾನಿ ಆಸ್ಟಿನ್‌ನಲ್ಲಿ ಕುಳಿತ ಶಾಸಕರು ಮಾಡಿದ ಕಾನೂನು ಎಂದು ಮಗುವಿಗೆ ಬಿಡಿಸಿ ಹೇಳಿ. ಪ್ರಾರ್ಥನೆಗೂ ಧರ್ಮಗ್ರಂಥದ ಓದಿಗೂ ಶಾಲೆಯಲ್ಲಿ ಸಮಯ ಮೀಸಲಿಡಲು ಅವಕಾಶ ಕೊಡುವ ಸೆನೆಟ್ ಬಿಲ್ 11ರಡಿ ಪೋಷಕರ ಸಹಿಯಿಲ್ಲದೆ ಮಗುವನ್ನು ಸೇರಿಸಿಕೊಳ್ಳುವಂತಿಲ್ಲ, ಆದ್ದರಿಂದ ಶಾಲೆಯಿಂದ ಬರುವ ಕಾಗದಗಳಿಗೆ ಓದದೆ ಸಹಿ ಹಾಕಬೇಡಿ. ಗ್ರೀನ್ ಕಾರ್ಡಿಗೆ ಕಾಯುತ್ತಿರುವ ನಮ್ಮಂಥವರಿಗೆ ಮತವಿಲ್ಲ, ಬಾಯಿ ತೆರೆದರೆ ಎಲ್ಲಿ ವೀಸಾಕ್ಕೆ ತೊಡಕಾದೀತೋ ಎಂಬ ಅಳುಕು ಬೇರೆ. ಆದರೆ ಸ್ಥಳೀಯ ಶಾಲೆಗಳ ಆಡಳಿತ ಮಂಡಳಿಯಾದ ಸ್ಕೂಲ್ ಬೋರ್ಡ್ ಸಭೆಯಲ್ಲಿ ಹೆಸರು ಬರೆಸಿ ಮಾತನಾಡಲು ಪೌರತ್ವ ಬೇಕಿಲ್ಲ.